ಹೊನ್ನ ಗೌಡರ ಬಿ.ಪಿ.ಆರ್.ಎಚ್.

ಹೊಳನಗದ್ದೆಯ ಹೊನ್ನ ಗೌಡರು ಆ ದಿನ ಮುರ್ಡೇಶ್ವರಕ್ಕೆ ಹೋದದ್ದು ಹೋಟೆಲೊಂದಕ್ಕೆ ಎರಡು ಮೂಟೆ ಸಿಹಿ ಈರುಳ್ಳಿ ಮತ್ತು ಒಂದು ಬುಟ್ಟಿ ಬಸಳೆ ಹಾಕಿ ಬರಲು. ಸಂಜೆ ಮರಳಿ ಬಂದದ್ದು ಮಾತ್ರ ಹೂಡಿಕೆದಾರರಾಗಿ.

ಇದಕ್ಕೆ ಅವರೊಬ್ಬರನ್ನೇ ದೂರುವಂತಿಲ್ಲ. ಆ ಹೋಟೆಲಿನ ಅಡುಗೆಮನೆಗೂ ಸಭಾಂಗಣಕ್ಕೂ ಒಂದೇ ಬಣ್ಣದ ಬಾಗಿಲುಗಳಿದ್ದವು. ಗೌಡರು ತಪ್ಪು ಬಾಗಿಲು ತಳ್ಳಿದರು. ಒಳಗಿದ್ದ ಹುಡುಗಿ "ಬನ್ನಿ ಸರ್" ಎಂದು ನಕ್ಕು, ಕೊರಳಿಗೆ ಒಂದು ಪಟ್ಟಿ ಹಾಕಿ, ಕೈಗೆ ಫೈಲು ಮತ್ತು ಪೆನ್ನು ಕೊಟ್ಟು, ಮೆತ್ತನೆಯ ಕುರ್ಚಿ ತೋರಿಸಿದಳು. ಐವತ್ತನಾಲ್ಕು ವರ್ಷದ ಆಯುಷ್ಯದಲ್ಲಿ ಗೌಡರನ್ನು ಸರ್ ಎಂದು ಕರೆದವರು ಫೋನಿನಲ್ಲಿ ಸಾಲ ಬೇಕೇ ಎಂದು ಕೇಳುವವರು ಮಾತ್ರ. ಎದುರಿಗೆ ನಿಂತು ಹಾಗೆ ಕರೆದವಳಿಗೆ "ನಾ ಬಸಳೆ ತಂದವ" ಎಂದು ಹೇಳುವುದು ಅವರ ಮರ್ಯಾದೆಗೆ ಸರಿಬರಲಿಲ್ಲ. ಬುಟ್ಟಿಯನ್ನು ಕುರ್ಚಿಯ ಕೆಳಗೆ ಸರಿಸಿ ಕೂತರು.

ವೇದಿಕೆಯ ಮೇಲೆ ಟೈ ಕಟ್ಟಿದ ಮಹನೀಯರೊಬ್ಬರು ಪರದೆಗೆ ಚಿತ್ರ ಬಿಡುತ್ತ ಮಾತಾಡುತ್ತಿದ್ದರು. ಅಂಗಡಿ ಕಾಂಪ್ಲೆಕ್ಸುಗಳ ಕಾಲ ಮುಗಿಯುತ್ತ ಬಂದಿದೆಯಂತೆ, ಜನ ಸೂಜಿಯಿಂದ ಸೀರೆಯವರೆಗೆ ಫೋನಿನಲ್ಲೇ ತರಿಸುತ್ತಾರಂತೆ. ಲಾಡ್ಜಿಗೆ ಶನಿವಾರ ಭಾನುವಾರ ಮಾತ್ರ ಜೀವವಂತೆ. ಮುಂದಿನ ಹತ್ತು ವರ್ಷ ಬಾಡಿಗೆಗೆಂದೇ ಕಟ್ಟಿದ ಮನೆಗಳದ್ದಂತೆ. ಅದಕ್ಕೊಂದು ಹೆಸರೂ ಇತ್ತು: ಪರ್ಪಸ್ ಬಿಲ್ಟ್ ರೆಂಟಲ್ ಹೌಸಿಂಗ್.

"ನಾವು ಮನೆ ಕಟ್ಟುವುದು ನಮಗೆ," ಎಂದರು ಅವರು. "ನಮಗೆ ಬೇಡವಾದ ಮೂಲೆಯನ್ನು ಬಾಡಿಗೆಗೆ ಕೊಡುತ್ತೇವೆ. ಬಾಡಿಗೆಗೆ ಬರುವವರಿಗೆ ಏನು ಬೇಕು ಎಂದು ಯೋಚಿಸಿ ಕಟ್ಟಿದವರು ಈ ಸಭೆಯಲ್ಲಿ ಯಾರಾದರೂ ಇದ್ದೀರಾ? ಕಟ್ಟುವವರಾದರೂ ಇದ್ದೀರಾ?"

ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಡುಗೆಮನೆ ಎಲ್ಲಿ ಎಂದು ಕೇಳಲು ಇದೇ ಸಮಯವೆಂದು ಗೌಡರು ಕೈ ಎತ್ತಿದರು.

"ನೋಡಿ!" ಎಂದು ಮಹನೀಯರು ಕೂಗಿದರು. "ಒಬ್ಬರು ಇದ್ದಾರೆ! ತಮ್ಮದು ಯಾವೂರು ಸರ್?"

"ಕುಮಟಾ... ಹೊಳನಗದ್ದೆ."

"ಕುಮಟೆಯ ಹೂಡಿಕೆದಾರರಿಗೆ ಜೋರಾಗಿ ಚಪ್ಪಾಳೆ!"

ನೂರಿಪ್ಪತ್ತು ಜನ ಚಪ್ಪಾಳೆ ತಟ್ಟಿದರು. ಚಪ್ಪಾಳೆಯ ಮೇಲೆ ಊಟ, ಊಟದ ಮೇಲೆ ಐಸ್‌ಕ್ರೀಮು. ಹೊರಗೆ ಟೆಂಪೊದಲ್ಲಿ ನೆರೆಮನೆಯ ಪಾಂಡು ಮೂರು ತಾಸು ಕಾದು ಈರುಳ್ಳಿ ಮೂಟೆಯ ಮೇಲೇ ನಿದ್ದೆ ಹೋಗಿದ್ದ. ಅವನನ್ನು ಎಬ್ಬಿಸಿದ ಗೌಡರು ಗಂಭೀರವಾಗಿ ಹೇಳಿದರು:

"ಪಾಂಡು, ನಾ ಬಿಲ್ಡಿಂಗ್ ಕಟ್ತೆ."

"ಕಟ್ಟುವಾ ಹೊನ್ನಣ್ಣ. ಮೊದ್ಲು ಈರುಳ್ಳಿ ಇಳಿಸುವಾ."

ಗೌಡರದು ಪೂರ್ತಿ ಹುಚ್ಚುತನವೂ ಆಗಿರಲಿಲ್ಲ. ಹೆದ್ದಾರಿ ಅಗಲ ಮಾಡುವಾಗ ಅವರ ತರಕಾರಿ ಗದ್ದೆಯ ಒಂದು ಪಾಲು ರಸ್ತೆಗೆ ಹೋಗಿ, ಪರಿಹಾರದ ದುಡ್ಡು ಬಂದಿತ್ತು. ಮಿಕ್ಕ ತುಂಡು ರಸ್ತೆಗೆ ಮುಖ ಮಾಡಿ ಬಿದ್ದಿತ್ತು. ಆ ತುಂಡಿನಲ್ಲಿ ಏನು ಮಾಡಬೇಕೆಂಬುದು ಊರಿನವರಿಗೆಲ್ಲ ಗೊತ್ತಿತ್ತು, ಗೌಡರಿಗೊಬ್ಬರಿಗೆ ಗೊತ್ತಿರಲಿಲ್ಲ. ಎಲ್ಲರಿಗಿಂತ ಹೆಚ್ಚು ಗೊತ್ತಿದ್ದದ್ದು ಹೆಂಡತಿಯ ತಮ್ಮ ಸುಜಯನಿಗೆ. ಕುಮಟಾ ಪೇಟೆಯಲ್ಲಿ ಅವನದೊಂದು ಮೊಬೈಲ್ ರಿಪೇರಿ ಅಂಗಡಿ.

"ಭಾವ, ಎಂಟು ಶಟರಿನ ಕಾಂಪ್ಲೆಕ್ಸ್ ಕಟ್ಟು. ಕಣ್ಮುಚ್ಚಿ ಬಾಡ್ಗಿ ಬತ್ತದೆ."

"ನಿನ್ನ ಅಂಗಡಿ ಇರುದೂ ಕಾಂಪ್ಲೆಕ್ಸಲ್ಲೇ ಅಲ್ದಾ? ಅಲ್ಲಿ ಎಷ್ಟು ಶಟರು ತೆರೆದದೆ?"

"ಎರಡು."

"ಒಂದು ನಿಂದು. ಇನ್ನೊಂದು?"

ಸುಜಯ ಜೇಬಿನಿಂದ ಫೋನು ತೆಗೆದು ನೋಡಿಕೊಂಡ. "ಅದೂ ನಂದೇ. ಗೋಡೌನು."

ಹೆಂಡತಿ ಗಣಪಿ ಮಾತ್ರ ಒಂದೇ ಪ್ರಶ್ನೆ ಕೇಳಿದಳು. "ನೀವು ಹೇಳಿದ ಆ ಇಂಗ್ಲೀಷು ಅಂದ್ರೆ ಎಂತದು?"

"ಬಾಡ್ಗಿಯವರಿಗೆ ಅಂತ್ಲೇ ಕಟ್ಟಿದ ಮನಿ."

"ಹಂಗೆ ಹೇಳುಕೆ ಎಂತ ತ್ರಾಸು?"

ಹಾಗೆ ಹೇಳಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಚಪ್ಪಾಳೆ ತಿಂದ ಮನುಷ್ಯ ಹಾಗೆಲ್ಲ ಸರಳವಾಗಿ ಮಾತಾಡುವುದಿಲ್ಲ.

ನಡುವೆ ಒಂದು ಮಳೆಗಾಲ ಬಂದು ಹೋಗಿ, ಹನ್ನೊಂದು ತಿಂಗಳಲ್ಲಿ ಚಿರೇಕಲ್ಲಿನ ಉದ್ದನೆಯ ಕಟ್ಟಡ ಎದ್ದಿತು. ಎಂಟು ಮನೆ. ಒಂದೊಂದಕ್ಕೂ ಒಂದು ರೂಮು, ಒಂದು ಅಡುಗೆಮನೆ, ಒಂದು ಬಚ್ಚಲು. ಮಂಚ, ಕಪಾಟು ಸಲೀಸಾಗಿ ಒಳಗೆ ಹೋಗಲೆಂದು ಬಾಗಿಲುಗಳನ್ನು ಅಗಲವಾಗಿ ಇಡಿಸಿದರು. ಸ್ಕೂಟರು ಜಗಲಿಗೆ ಏರಲೆಂದು ಇಳಿಜಾರು ಮಾಡಿಸಿದರು. ಅಂಗಡಿಯವ ಉಳಿದ ಮಾಲೆಂದು ಕಡಿಮೆಗೆ ಕೊಟ್ಟ ಬಿಳಿ ಟೈಲ್ಸನ್ನು ಗೋಡೆಯ ಅರ್ಧದವರೆಗೂ ಹೊದೆಸಿದರು. ತಿಳಿ ಹಸಿರು ಬಣ್ಣ ಕಣ್ಣಿಗೆ ತಂಪೆಂದು ಅದನ್ನೇ ಬಳಿಸಿದರು. ಬಾಗಿಲ ಮೇಲೆ ಒಂದರಿಂದ ಎಂಟರವರೆಗೆ ನಂಬರು, ಜಗಲಿಯಲ್ಲಿ ಉದ್ದಕ್ಕೂ ಸಿಮೆಂಟಿನ ಬೆಂಚು. ಬಾಡಿಗೆದಾರನ ಸುಖವನ್ನು ಇಷ್ಟೊಂದು ಯೋಚಿಸಿದ ಇನ್ನೊಬ್ಬ ಮಾಲಕ ಭಟ್ಕಳದಿಂದ ಕುಮಟೆಯವರೆಗೆ ಹುಡುಕಿದರೂ ಸಿಗುತ್ತಿರಲಿಲ್ಲ. ಎದುರು ನಿಂತು ನೋಡಿದರೆ ಕಟ್ಟಡ ಯಾವುದರ ಹಾಗೆ ಕಾಣುತ್ತದೆ ಎಂಬುದೊಂದನ್ನು ಮಾತ್ರ ಅವರು ಯೋಚಿಸಿರಲಿಲ್ಲ.

ಉಳಿದದ್ದು ಬೋರ್ಡು. ಹೊನ್ನಾವರದ ಪೇಂಟರ್ ಅಕ್ಷರಕ್ಕಿಷ್ಟು ಎಂದು ತೆಗೆದುಕೊಳ್ಳುತ್ತಿದ್ದ ಕಾರಣ ಗೌಡರು ಇಡೀ ಹೆಸರನ್ನು ನಾಲ್ಕಕ್ಷರಕ್ಕೆ ಇಳಿಸಿ, ಚೀಟಿಯಲ್ಲಿ ‘ಪಿ.ಬಿ.ಆರ್.ಎಚ್.’ ಎಂದು ಬರೆದು, ಕೆಳಗೆ ಒಂದು ರೂಮು ಒಂದು ಅಡುಗೆಮನೆ ಎಂಬುದಕ್ಕೆ ‘1 + 1’ ಎಂದು ಸೇರಿಸಿ ಪಾಂಡುವಿನ ಕೈಯಲ್ಲಿ ಕಳಿಸಿದರು. ದಾರಿಯಲ್ಲಿ ಮಳೆ ಬಂದು ಚೀಟಿ ನೆನೆಯಿತು. ಪೇಂಟರ್ ಅಳಿಸಿಹೋದದ್ದನ್ನು ಅಂದಾಜಿನಲ್ಲಿ ಓದಿದ, ಅಂದಾಜಾಗದ್ದನ್ನು ಪಾಂಡುವನ್ನು ಕೇಳಿದ.

"ಮೊದ್ಲು ಬಿ-ಯಾ, ಪಿ-ಯಾ?"

"ಬಿ.ಪಿ. ಅಂತ್ಲೇ ಅಲ್ದಾ ಎಲ್ರೂ ಹೇಳುದು," ಎಂದ ಪಾಂಡು.

ಬೋರ್ಡು ಬಂತು. ‘ಹೊನ್ನ ಗೌಡ ಬಿ.ಪಿ.ಆರ್.ಎಚ್.’ ಚೀಟಿಯ ಕೆಳಗಿನ ಎರಡು ಒಂದುಗಳು ಅರ್ಥವಾಗದೆ ಪೇಂಟರ್ ಅವನ್ನು ಬಿಟ್ಟಿದ್ದ. ನಡುವಿನ ಕೂಡು ಚಿಹ್ನೆಯನ್ನು ಮಾತ್ರ ಕೆಂಪು ಬಣ್ಣದಲ್ಲಿ, ಮೊಳದುದ್ದ, ತುಂಬ ಪ್ರೀತಿಯಿಂದ ಬರೆದಿದ್ದ.

ಪೇಟೆಗೆ ಹೋಗುವ ಅವಸರದಲ್ಲಿದ್ದ ಗೌಡರು ಕೆಂಪು ಕಂಡು ಚಲೋ ಆತು ಎಂದುಕೊಂಡರು.

ಮರುದಿನ ಬೆಳಿಗ್ಗೆ ಏಳಕ್ಕೆ ಹಮ್ಮಜ್ಜಿ ಬಂದಳು. ಕೊರಳ ತುಂಬ ಕರಿಮಣಿ, ಎಂಬತ್ತು ದಾಟಿದ ಜೀವ. ಬೆಂಚಿನಲ್ಲಿ ಕೂತು ತೋಳು ಚಾಚಿದಳು.

"ನೋಡು ಮಗಾ, ಬಿಪಿ ಎಷ್ಟದೆ?"

"ಅಜ್ಜಿ, ಇದು ಬಾಡ್ಗಿ ಮನಿ."

"ಅಡ್ಡಿಲ್ಲ, ಬಾಡ್ಗಿ ಕೊಡ್ತೆ. ಮೊದ್ಲು ಕೈ ಹಿಡ್ದು ನೋಡು."

ಚಾಚಿದ ತೋಳನ್ನು ಹಾಗೇ ಬಿಡುವುದು ಹೇಗೆ? ಗೌಡರು ಮಣಿಕಟ್ಟನ್ನು ಹಿಡಿದು, ಬದನೆ ಬಲಿತಿದೆಯೇ ಎಂದು ನೋಡುವ ಹಾಗೆ ಸ್ವಲ್ಪ ಒತ್ತಿ, "ಎಲ್ಲ ಸರಿ ಅದೆ" ಎಂದರು. ಹಮ್ಮಜ್ಜಿ ಎದ್ದು ನಿಂತಳು. "ಹಗುರ ಆತು ನೋಡು!" ಎಂದು ಹೇಳಿ, ಮನೆಗೆ ನೇರ ಹೋಗದೆ ಊರಿನ ಪ್ರತಿ ಮನೆಯ ಅಂಗಳವನ್ನೂ ಹಾದು ಹೋದಳು.

ಮೂರನೆಯ ದಿನ ಜಗಲಿಯಲ್ಲಿ ನಲವತ್ತು ಜನ. ನಾಲ್ಕನೆಯ ದಿನ ಬಸ್ಸಿನ ಕಂಡಕ್ಟರ್ "ಬಿಪಿ ಆಸ್ಪತ್ರೆ, ಇಳೀರಿ" ಎಂದು ಕೂಗತೊಡಗಿದ. ಎಳನೀರಿನವ ಗಾಡಿ ತಂದು ನಿಲ್ಲಿಸಿದ. ಔಷಧ ಕಂಪನಿಯ ಪ್ರತಿನಿಧಿಯೊಬ್ಬ ಗೌಡರ ಕೈಗೆ ಮಾತ್ರೆಯ ಸ್ಯಾಂಪಲ್ಲು ತುಂಬಿ, ಸಮ್ಮೇಳನಕ್ಕೆ ಗೋವೆಗೆ ಕರೆದ. ಸುಜಯ ಬಿಳಿ ಅಂಗಿ ಹೊಲಿಸಿಕೊಂಡು ಬಂದ.

"ಭಾವ, ಗುಟ್ಟು ಮಾಡಿದ್ಯಲ್ಲ! ಕಂಪೌಂಡರ್ ಕೆಲ್ಸ ನಂಗೇ ಅಲ್ದಾ?"

"ಸುಜಯ, ಇದು ಪರ್ಪಸ್ ಬಿಲ್ಟ್ ರೆಂಟಲ್ ಹೌಸಿಂಗ್!"

"ಗೊತ್ತದೆ ಭಾವ. ಮೆಂಟಲ್ ಹೌಸಿಂಗೂ ಅದೆ ಅಂತ ಪಾಂಡು ಹೇಳಿದ. ಕೊನೆಯ ನಾಕು ರೂಮು ಅದಕ್ಕೇ ಅಂತಲ್ಲ?"

ಗೌಡರು ಒಬ್ಬೊಬ್ಬರಿಗೂ ವಿವರಿಸಿದರು. ವಿವರಿಸಿದಷ್ಟೂ ಆ ಇಂಗ್ಲಿಷು ದೊಡ್ಡ ಆಸ್ಪತ್ರೆಯದೇ ಹೆಸರೆಂದು ಜನಕ್ಕೆ ಗಟ್ಟಿಯಾಯಿತು. ಗಣಪಿಯಂತೂ ವಿವರಿಸುವ ಗೋಜಿಗೇ ಹೋಗಲಿಲ್ಲ. ಬೆಂಚಿನ ತುದಿಯಲ್ಲಿ ಬುಟ್ಟಿ ಇಟ್ಟು ಕೂತಳು. ಪೇಟೆಗೆ ಹೊತ್ತರೂ ಮಾರಿ ಮುಗಿಯಲು ಮಧ್ಯಾಹ್ನವಾಗುತ್ತಿದ್ದ ತರಕಾರಿ ಇಲ್ಲಿ ಹತ್ತು ಗಂಟೆಗೆ ಖಾಲಿ.

"ನೀವು ಸ್ವಲ್ಪ ನಿಧಾನಕ್ಕೇ ವಿವರಿಸಿ," ಎಂದಳು ಗಂಡನಿಗೆ.

ತೊಂದರೆ ಆದದ್ದು ನಿಜವಾದ ಬಾಡಿಗೆದಾರರಿಂದ. ವರ್ಗವಾಗಿ ಬಂದ ಬ್ಯಾಂಕಿನ ಗುಮಾಸ್ತರೊಬ್ಬರು ಹೆಂಡತಿಯೊಡನೆ ಮನೆ ನೋಡಲು ಬಂದರು. ಜಗಲಿಯ ಕೆಮ್ಮು ಕೇಳಿ ಮೂಗಿಗೆ ಕರವಸ್ತ್ರ ಒತ್ತಿ ಹಾಗೇ ಹಿಂತಿರುಗಿದರು. ಶಾಲೆಯ ಮೇಷ್ಟ್ರೊಬ್ಬರು ಬಂದು, ಹೋದರು. ಇಪ್ಪತ್ತು ದಿನ ಕಳೆದರೂ ಎಂಟು ಬೀಗವೂ ಹಾಗೇ ಇದ್ದವು. ಗದ್ದೆ ಹೋದದ್ದು ಹೋಗಿತ್ತು, ಪರಿಹಾರವೆಲ್ಲ ಗೋಡೆಯಾಗಿ ನಿಂತಿತ್ತು. ಒಂದು ಸಂಜೆ ಗೌಡರು ಖಾಲಿ ರೂಮಿನಲ್ಲಿ ಒಬ್ಬರೇ ನಿಂತು ಮೆಲ್ಲಗೆ ಕೆಮ್ಮಿದರು. ಅದು ಎಂಟೂ ಮನೆಗಳಲ್ಲಿ ಕೇಳಿಸಿತು.

ಆ ಸಿಟ್ಟಿನಲ್ಲೇ ಮರುದಿನ ಬೆಳಕು ಹರಿಯುವ ಮೊದಲೇ ಬೋರ್ಡು ಕಿತ್ತು ಹಿತ್ತಲಿಗೆ ಹಾಕಿದರು. ಇನ್ನು ಎಲ್ಲ ಸರಿಹೋಯಿತು ಎಂದು ಮನೆಯ ಹಿಂದಿನ ಇನ್ನೊಂದು ಗದ್ದೆಗೆ ನೀರು ಬಿಡಲು ಹೋದರು.

ಹತ್ತು ಗಂಟೆಗೆ ಮರಳಿ ಬಂದಾಗ ಕಟ್ಟಡದ ಎದುರು ಇನ್ನೂರು ಜನ, ಶಾಮಿಯಾನ, ಮೈಕು.

"ಎಂತ ಗಲಾಟೆಯಾ?" ಎಂದು ಅಂಚಿನಲ್ಲಿದ್ದ ಅಪರಿಚಿತನನ್ನು ಕೇಳಿದರು.

"ಆಸ್ಪತ್ರೆ ಮುಚ್ಚಿಸಿದಾರೆ ಮಾರಾಯ್ರೆ! ಯಾರೋ ದೊಡ್ಡವರ ಕೈವಾಡ. ಪಾಪ, ಬೋರ್ಡ್ ಸಮೇತ ಕಿತ್ತಿದಾರೆ. ಕೂತ್ಕಳಿ, ಮಜ್ಜಿಗೆ ಬತ್ತದೆ."

ಗೌಡರು ಕೂತರು. ಮಜ್ಜಿಗೆ ಬಂತು. "ನಮ್ಮ ಆಸ್ಪತ್ರೆ, ನಮಗೆ ಬೇಕು" ಎಂದು ಸುಜಯ ಮೈಕಿನಲ್ಲಿ ಕೂಗಿದ. ಎಲ್ಲರೂ ಕೂಗಿದರು. ಗೌಡರೂ ಎರಡು ಸಲ ಕೂಗಿದ ಮೇಲೆ, ಈ ಹೋರಾಟ ತನ್ನ ವಿರುದ್ಧವೇ ನಡೆಯುತ್ತಿದೆ ಎಂಬುದು ಅವರಿಗೆ ಹೊಳೆಯಿತು. ಎದ್ದು ಹೋಗೋಣವೆಂದರೆ ಆಚೆಗೆ ಹಮ್ಮಜ್ಜಿ ಕೂತಿದ್ದಳು. "ಹತ್ರದಲ್ಲಿ ಒಂದಾರೂ ಆತಲಾ ಅಂತ ಖುಷಿ ಆಗಿತ್ತಪ್ಪ," ಎಂದು ಅವಳು ಪಕ್ಕದವರಿಗೆ ಹೇಳುತ್ತಿದ್ದದ್ದು ಕೇಳಿಸಿತು. ಗೌಡರು ಮಜ್ಜಿಗೆಯ ಲೋಟ ಕೆಳಗಿಟ್ಟರು. ಆಸ್ಪತ್ರೆ ಕಟ್ಟದಿದ್ದದ್ದೇ ತಪ್ಪೇನೋ ಎಂಬ ಹಾಗೆ ಆಯಿತು.

ಅಷ್ಟರಲ್ಲಿ ಜೀಪು ಬಂತು. ಆರೋಗ್ಯ ಇಲಾಖೆಯ ದೀಪಾ ಮೇಡಂ ಇಳಿದರು. ಪರವಾನಗಿ ಇಲ್ಲದ ಆಸ್ಪತ್ರೆಯೆಂದು ಅವರಿಗೆ ದೂರು ಹೋಗಿತ್ತು. ಬಾಗಿಲುಗಳ ಅಗಲ ನೋಡಿದರು, ಇಳಿಜಾರು ನೋಡಿದರು, ಬಿಳಿ ಟೈಲ್ಸನ್ನು ಬೆರಳಿನಿಂದ ಮುಟ್ಟಿದರು. ಕನ್ನಡಕ ಸರಿ ಮಾಡಿಕೊಂಡು ಪುಸ್ತಕ ತೆರೆದರು.

"ಮಾಲೀಕರು ಯಾರು? ನೀವಾ? ಎಷ್ಟು ಬೆಡ್ ಇದೆ?"

"ಬೆಡ್ ನಾ ಕೊಡುದಿಲ್ಲ ಮೇಡಂ. ಬಂದವರೇ ತರ್ಬೇಕು."

"ರೋಗಿಗಳೇ ಬೆಡ್ ತರಬೇಕಾ!"

"ಬೆಡ್ಡು, ಪಾತ್ರೆ, ಗ್ಯಾಸು ಎಲ್ಲ ಅವರದ್ದೇ. ನಂದು ನೀರು, ಕರೆಂಟು."

ಮೇಡಂ ಬರೆದುಕೊಂಡರು. "ಒಬ್ಬೊಬ್ಬರನ್ನ ಎಷ್ಟು ದಿನ ಇಟ್ಕೊಳ್ತೀರಿ?"

"ಹನ್ನೊಂದು ತಿಂಗಳು. ಆಮೇಲೆ ಬೇಕಾರೆ ಮತ್ತೆ ಹನ್ನೊಂದು."

ಪೆನ್ನು ನಿಂತಿತು. "ಅಷ್ಟು ದಿನ ಇಟ್ಕೊಂಡೂ ಗುಣ ಆಗದಿದ್ರೆ?"

"ಗುಣ ಚಲೋ ಇಲ್ದಿದ್ರೆ ಒಂದು ತಿಂಗಳ ನೋಟಿಸ್ ಕೊಟ್ಟು ಹೊರಗೆ ಹಾಕುದು."

"ಗೌಡ್ರೆ!" ಮೇಡಂ ದನಿ ಏರಿತು. "ಡಾಕ್ಟರ್ ಎಲ್ಲಿದಾರೆ?"

"ಡಾಕ್ಟರು ಬಂದ್ರೂ ಅಡ್ಡಿಲ್ಲ ಮೇಡಂ. ಆದ್ರೆ ಗೋಡೆಗೆ ಮೊಳೆ ಹೊಡೆದ್ರೆ ಡಿಪಾಸಿಟ್ಟಲ್ಲಿ ಕಟ್."

ಮೇಡಂ ಅದನ್ನೂ ಬರೆದು ಕೆಳಗೆ ಎರಡು ಗೆರೆ ಎಳೆದರು. ಇಲಾಖೆಯ ಸೇವೆಯಲ್ಲಿ ಇಷ್ಟು ನಿರ್ಭಯವಾಗಿ ತಪ್ಪೊಪ್ಪಿಕೊಂಡವರನ್ನು ಅವರು ಕಂಡಿರಲಿಲ್ಲ. ಅದೇ ಹೊತ್ತಿಗೆ ಒಂದು ಆಟೋ ಬಂದು ನಿಂತಿತು. ಎರಡು ಬ್ಯಾಗು ಹೊತ್ತ ಯುವತಿಯೊಬ್ಬಳು ಇಳಿದು, ಗುಂಪನ್ನು ಸೀಳಿಕೊಂಡು ಬಂದು ಕೇಳಿದಳು:

"ರೂಮ್ ಖಾಲಿ ಇದ್ಯಂತಲ್ಲ? ನಾನು ವಸಂತಿ. ನರ್ಸು."

"ನರ್ಸ್ ಬಂದ್ರು!" ಎಂದು ಸುಜಯ ಮೈಕಿನಲ್ಲಿ ಘೋಷಿಸಿದ. ಇನ್ನೂರು ಜನ ಜೈಕಾರ ಹಾಕಿದರು. ಯಾರೋ ಹಿತ್ತಲಿನಿಂದ ಬೋರ್ಡು ತಂದು ತಿರುಗಿ ಏರಿಸಿದರು. ದೀಪಾ ಮೇಡಂ ಗೌಡರ ಕಡೆ ತಿರುಗಿ, "ಈಗೇನು ಹೇಳ್ತೀರಿ?" ಎಂದರು.

ಗೌಡರು ಅಂಗಳದ ನಡುವೆ ಕುಕ್ಕರುಗಾಲಲ್ಲಿ ಕೂತುಬಿಟ್ಟರು. ವರ್ಷದಿಂದ ನಾಲಿಗೆಯ ಮೇಲೆ ಕುಳಿತಿದ್ದ ಇಂಗ್ಲಿಷೆಲ್ಲ ಎಲ್ಲಿಗೋ ಹಾರಿಹೋಗಿತ್ತು. ಉಳಿದದ್ದು ಹೊಳನಗದ್ದೆಯ ಮಾತು ಮಾತ್ರ.

"ಇದು ಆಸ್ಪತ್ರೆ ಅಲ್ರೋ. ನಾ ತರಕಾರಿ ಬೆಳೆಯುವವ. ಊರಿಗೆ ಕೆಲ್ಸಕ್ಕೆ ಬಂದವರಿಗೆ ಬಾಡ್ಗಿಗೆ ಅಂತ್ಲೇ ಕಟ್ಟಿದ ಮನಿ. ಅವರ ಮಂಚ ಹೋಗ್ಲಿ ಅಂತ ಬಾಗ್ಲು ಅಗಲ, ಸ್ಕೂಟರು ಹತ್ತಲಿ ಅಂತ ಇಳಿಜಾರು. ಅವರು ಎಷ್ಟೊತ್ತಿಗೆ ಬಂದ್ರು, ಯಾರು ಬಂದ್ರು, ಎಂತ ಬೇಯಿಸಿದ್ರು ಅಂತ ಕೇಳುಕೆ ಯಾರೂ ಇಲ್ಲ. ಅಷ್ಟೇ. ಬೇರೆ ಎಂತದೂ ಅಲ್ಲ."

ಮೈಕು ಹತ್ತಿರವೇ ಇದ್ದ ಕಾರಣ ಎಲ್ಲರಿಗೂ ಕೇಳಿತು. ಜೈಕಾರ ಇಳಿಯಿತು. ಹಮ್ಮಜ್ಜಿ ಚಾಚಲೆಂದು ಸಿದ್ಧಮಾಡಿಕೊಂಡಿದ್ದ ತೋಳನ್ನು ಮಡಚಿಕೊಂಡಳು. ಮೊದಲು ಮಾತಾಡಿದವಳು ವಸಂತಿ.

"ಯಾರೂ ಕೇಳುದಿಲ್ವಾ? ಖರೇ ಹೇಳ್ತೀರಾ ಗೌಡ್ರೆ?" ಎಂದಳು. ಆಮೇಲೆ ಜನರ ಕಡೆ ತಿರುಗಿದಳು. "ನಂದು ಶಿರಾಲಿ. ಪೇಟೆಯ ಟ್ರಸ್ಟಿನ ಹೆರಿಗೆ ಆಸ್ಪತ್ರೆಲಿ ಕೆಲ್ಸ. ದಿನಾ ರೈಲಲ್ಲಿ ಬಂದು ಹೋಗುದು. ಅಲ್ಲಿ ಮೇಲಿನ ಮಾಳಿಗೆಗೆ ಬೀಗ ಯಾಕೆ ಬಿದ್ದದೆ ಗೊತ್ತಾ? ಡಾಕ್ಟ್ರು ಇದಾರೆ, ಮಂಚ ಅದೆ, ನರ್ಸುಗಳೇ ನಿಲ್ಲುದಿಲ್ಲ. ನೈಟ್ ಡ್ಯೂಟಿ ಅಂದ್ರೆ ಮನಿ ಕೊಡುದಿಲ್ಲ. ಒಬ್ಳೇ ಇರುದು ಅಂದ್ರೆ ಕೊಡುದಿಲ್ಲ. ಮೀನು ತಿನ್ನುದು ಅಂದ್ರೆ ಕೊಡುದಿಲ್ಲ. ಈ ವರ್ಷ ಆರು ಜನ ಬಂದ್ರು, ಆರು ಜನವೂ ಹೋದ್ರು. ನಾನೂ ಈ ವಾರ ಬಿಡುವವಳೇ ಇದ್ದೆ."

ಗುಂಪಿನಲ್ಲಿ ಪೇಟೆಯಲ್ಲಿ ಮನೆ ಇದ್ದ ಮೂರು ನಾಲ್ಕು ಜನ ಚಪ್ಪಲಿ ನೋಡಿಕೊಂಡರು.

ದೀಪಾ ಮೇಡಂ ಬರೆದದ್ದನ್ನೆಲ್ಲ ಮತ್ತೆ ಓದಿದರು. ‘ಬೆಡ್ ಅವರೇ ತರುವುದು. ಹನ್ನೊಂದು ತಿಂಗಳು. ಗುಣ ಇಲ್ಲದಿದ್ದರೆ ನೋಟಿಸ್.’ ತುಟಿ ಬಿಗಿಹಿಡಿದರು, ಆಗಲಿಲ್ಲ. ಜೀಪಿಗೆ ಒರಗಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ಹಾಳೆ ಹರಿದು, ಫೋನು ತೆಗೆದು ಟ್ರಸ್ಟಿನ ಕಾರ್ಯದರ್ಶಿಗೆ ಹಚ್ಚಿದರು. "ನಿಮ್ಮ ನರ್ಸುಗಳಿಗೆ ಮನೆ ಸಿಕ್ಕಿದೆ. ಎಂಟು. ಹೌದು, ಯಾರೂ ಏನೂ ಕೇಳೋದಿಲ್ವಂತೆ!"

ವಸಂತಿ ಬ್ಯಾಗಿನಿಂದ ಬಿಪಿ ನೋಡುವ ಯಂತ್ರ ತೆಗೆದು ಹಮ್ಮಜ್ಜಿಯ ತೋಳಿಗೆ ಸುತ್ತಿದಳು. "ನೂರಾ ಮೂವತ್ತು, ಎಂಬತ್ತು. ಚಲೋ ಅದೆ ಅಜ್ಜಿ."

"ಹೊನ್ನನೂ ಹಂಗೇ ಹೇಳಿದ್ದ, ಯಂತ್ರ ಇಲ್ದೇ," ಎಂದಳು ಹಮ್ಮಜ್ಜಿ ಹೆಮ್ಮೆಯಿಂದ.

ತಿಂಗಳೊಳಗೆ ಏಳು ಮನೆಗೆ ನರ್ಸುಗಳು ಬಂದರು. ಸಿದ್ದಾಪುರದಿಂದ ಒಬ್ಬಳು, ರಾಯಚೂರಿನಿಂದ ಇಬ್ಬರು, ಕೇರಳದಿಂದ ಒಬ್ಬಳು, ಉಳಿದವರು ಸುತ್ತಲಿನ ಊರುಗಳವರು. ಎಂಟನೆಯದಕ್ಕೆ ಕರವಸ್ತ್ರದ ಗುಮಾಸ್ತರೇ ಹಿಂತಿರುಗಿ ಬಂದರು, ಸುತ್ತ ಏಳು ನರ್ಸುಗಳಿರುವ ಜಾಗ ಆರೋಗ್ಯಕ್ಕೆ ಒಳ್ಳೆಯದೆಂದು ಅವರ ಹೆಂಡತಿಗೆ ಹೊಳೆದಿತ್ತು. ಸುಜಯ ಪೇಟೆಯ ಕಾಂಪ್ಲೆಕ್ಸಿನ ಮಾಲಕನಿಗೆ, ಮೇಲಿನ ಮಹಡಿಯ ಖಾಲಿ ಶಟರುಗಳನ್ನು ಮುರಿದು ಮನೆ ಮಾಡುವುದೇ ಈಗಿನ ಟ್ರೆಂಡು ಎಂದು ಪಾಠ ಹೇಳತೊಡಗಿದ. ಆಸ್ಪತ್ರೆಯ ಮೇಲಿನ ಮಾಳಿಗೆಯ ಬೀಗ ತೆಗೆದರು. ಜಗಲಿಯಲ್ಲಿ ಈಗಲೂ ಯಾರಾದರೂ ಬಂದು ಕೂರುತ್ತಾರೆ, ಡ್ಯೂಟಿಗೆ ಹೊರಟವಳು ನಿಂತು ಬಿಪಿ ನೋಡಿ ಹೋಗುತ್ತಾಳೆ. ಗೌಡರು ಮಾತ್ರ ಬಂದವರಿಗೆಲ್ಲ, ಇದು ಆಸ್ಪತ್ರೆಯಲ್ಲ, ಬಾಡಿಗೆ ಮನೆ ಎಂದು ತಪ್ಪದೆ ತಿಳಿಹೇಳುತ್ತಿದ್ದರು.

ಒಂದು ಬೆಳಿಗ್ಗೆ ಅಘನಾಶಿನಿ ಕಡೆಯ ಮನುಷ್ಯನೊಬ್ಬ ಬಂದ. ಮೊಣಕಾಲವರೆಗೆ ಕೆಸರು ಒಣಗಿತ್ತು, ಎರಡು ದಿನ ನಿದ್ದೆಯಿಲ್ಲದ ಕಣ್ಣು. ಹೊಳೆಯಲ್ಲಿ ಆರಿಸಿದ ಬೆಳಚು ಎಂಬ ಚಿಪ್ಪುಮೀನಿನ ಒದ್ದೆ ಚೀಲವನ್ನು ಜಗಲಿಯ ಮೇಲೆ ಇಟ್ಟ. ಒಳಗಿನ ಚಿಪ್ಪುಗಳು ಕಟಕಟ ಎಂದವು.

"ಗೌಡ್ರೆ ನೀವೇ ಅಲ್ದಾ? ನಿಮ್ಮ ಆಸ್ಪತ್ರೆಲಿ ನಮ್ಮ ಮಗಳಿಗೆ ಹೆರ್ಗೆ ಆತು. ದೂರ ಕರ್ಕಂಡು ಹೋಗುಕೆ ಹೊತ್ತಿರ್ಲಿಲ್ಲ, ಪೇಟೆಲೇ ಆ ಮೇಲಿನ ಮಾಳಿಗೆಗೆ ಸೇರ್ಸಿದ್ದು. ವಸಂತಿ ಬಾಯಿ ಓಡಿ ಬಂದ್ರು. ಇಬ್ರೂ ಚಲೋ ಇದಾರೆ. ಇದು ನಿಮಗೆ."

ಗೌಡರು ತಿಳಿಹೇಳಲು ಬಾಯಿ ತೆರೆದರು. ಆ ಮನುಷ್ಯನ ಮುಖ ನೋಡಿದರು. ಕೈಯಿಂದ ಬೆಂಚಿನ ಧೂಳು ಒರೆಸಿದರು.

"ಗಂಡಾ, ಹೆಣ್ಣಾ?"

"ಹೆಣ್ಣು."

"ಹಂಗಾರೆ ಕೂತ್ಕ ಮಾರಾಯಾ," ಎಂದರು ಹೊನ್ನ ಗೌಡರು. "ಏ ಗಣಪಿ, ಚಾ ಇಡು."